ಕಲ್ಲಮನಿಯ ಗಿಡ್ಡ ಬಾಗಿಲು

ಮಚ್ಛೇಂದ್ರ ಸಿಟ್ಟು ಮಾಡಿಕೊಂಡು ಕಲ್ಲಮನಿ ಹೊಕ್ಕಾಗ ತಾಟಿನಲ್ಲಿ ಜೋಳದ ರೊಟ್ಟಿ ಇನ್ನೂ ಬಿಸಿಯಿತ್ತು. ಬೇರೆ ಗಂಡಸರು ಸಿಟ್ಟು ಬಂದರೆ ತಾಟು ಒಗೆಯುತ್ತಾರೆ, ಇಲ್ಲವೇ ಹೊಟೇಲಿಗೆ ಹೋಗಿ ಚಹಾ ಕುಡಿಯುತ್ತಾರೆ. ಈ ಮನೆಯ ಗಂಡಸರದ್ದು ಹಾಗಲ್ಲ. ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡು, ಹಿತ್ತಲಿನ ಕೆಂಪು ಗುಡ್ಡದಲ್ಲಿ ಕೊರೆದ ಕಲ್ಲಮನಿಯೊಳಗೆ ಹೋಗಿ ಕೂತುಬಿಡುತ್ತಾರೆ. ಹೋಗುವಾಗ ನೀರಿನ ತಂಬಿಗೆ ಮರೆಯುವುದಿಲ್ಲ. ಸಿಟ್ಟಿನಲ್ಲೂ ಒಂದು ಬಂದೋಬಸ್ತು.

ಅಂಜನಾಬಾಯಿ ರೊಟ್ಟಿಯ ಮೇಲೆ ಇನ್ನೊಂದು ತಾಟು ಮುಚ್ಚಿ ಕಿವಿಗೊಟ್ಟಳು. ಹಿತ್ತಲಿನಿಂದ ‘ಠಪ್’ ಎಂದು ಸಪ್ಪಳ ಬಂತು. ಗಂಡನ ಹಣೆ ಬಾಗಿಲ ಕಲ್ಲಿಗೆ ಬಡಿದ ಸಪ್ಪಳ. ಸರಿ, ಒಳಗೆ ಹೋದ.

ಕಮಠಾಣದ ಆಚೆ, ತೊಗರಿ ಹೊಲಗಳು ಮುಗಿಯುವಲ್ಲಿ ಇರುವ ಆ ಗುಡ್ಡ ದೊಡ್ಡದೇನಲ್ಲ. ತೂತು ತೂತಿನ ಕೆಂಪು ಕಲ್ಲು. ಅದರೊಳಗೆ ಯಾರೋ, ಯಾವ ಕಾಲದಲ್ಲೋ, ಮೂರು ಖೋಲಿ ಕೊರೆದಿದ್ದಾರೆ. ಮುಂದಿನ ಖೋಲಿಯಲ್ಲಿ ಎರಡು ಕಂಬ, ಗೋಡೆಗುಂಟ ಕೂಡಲು ಕಟ್ಟೆ, ತಂಬಿಗೆ ಇಡಲು ಒಂದು ಗೂಡು. ಎಲ್ಲ ಅಚ್ಚುಕಟ್ಟು. ಬಾಗಿಲೊಂದು ಮಾತ್ರ ಗಿಡ್ಡ. ಆಡು ನೆಟ್ಟಗೆ ಒಳಗೆ ಹೋಗುತ್ತದೆ, ಮನುಷ್ಯ ಬಾಗಬೇಕು. ಮೂವತ್ತು ವರ್ಷ ಕಂಡಕ್ಟರಿಕೆ ಮಾಡಿ ರಿಟೈರಾದ ಮಚ್ಛೇಂದ್ರ ಬಸ್ಸಿನ ಛತ್ತಿಗೇ ತಲೆ ತಾಗುವಷ್ಟು ಉದ್ದ. ಹುಟ್ಟಿದಾಗಿನಿಂದ ಈ ಬಾಗಿಲು ಗೊತ್ತು, ಆದರೂ ಪ್ರತಿ ಸಲ ಬಡಿಸಿಕೊಳ್ಳುತ್ತಾನೆ.

ಕಲ್ಲಮನಿ ಯಾರು ಕೊರೆದರು? ಕೇಳಿದರೆ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಳೆಗಾಲ ಕಳೆಯಲು ಭಿಕ್ಕುಗಳು ಕೊರೆದರಂತೆ. ಇಲ್ಲ, ಫಕೀರರೊಬ್ಬರು ಬೊಗಸೆ ನೀರು ಚೆಲ್ಲಿದರು, ಕಲ್ಲು ಬೆಲ್ಲದ ಹಾಗೆ ಕರಗಿತಂತೆ. ಇಲ್ಲ, ಶರಣರೊಬ್ಬರು ದಿನಕ್ಕೆ ಒಂದು ಬುಟ್ಟಿ ಕಲ್ಲು ತೆಗೆದು, ಅದೇ ಕಲ್ಲಿನಿಂದ ಊರಿಗೆ ಬಾವಿ ಕಟ್ಟಿಸಿದರಂತೆ. ರಾಕ್ಷಸಿಯೊಬ್ಬಳು ಗುಡ್ಡಕ್ಕೆ ಒರಗಿ ಕೂತಾಗ ಮೊಣಕೈ ಚುಚ್ಚಿ ತೂತು ಬಿತ್ತು ಎನ್ನುವವರೂ ಇದ್ದಾರೆ. ಬೀದರದಿಂದ ಒಬ್ಬ ಸಂಶೋಧಕರು ಬಂದು ಇದನ್ನೆಲ್ಲ ಫೋನಿನಲ್ಲಿ ತುಂಬಿಕೊಂಡು, ಎರಡು ಸಲ ಚಹಾ ಕುಡಿದು, ಬಹಳ ಸಂತೋಷದಿಂದ ಹೋದರು. ಆದರೆ ಯಾವ ಕಥೆ ಯಾವ ಜಗಳಕ್ಕೆ ಹುಟ್ಟಿತು ಎಂದು ಅವರು ಕೇಳಲಿಲ್ಲ, ಇವರೂ ಹೇಳಲಿಲ್ಲ.

ಮಜಾ ಇರುವುದೇ ಅಲ್ಲಿ. ಈ ಮನೆಯಲ್ಲಿ ಯಾರಾದರೂ ಸಿಟ್ಟಾಗಿ ಕಲ್ಲಮನಿ ಹೊಕ್ಕರೆ ಅವರನ್ನು ಹೊರಗೆ ಕರೆಯಲು ಒಂದು ರಿವಾಜು ಇದೆ. ಕರೆಯುವವರು ಹೊಸ್ತಿಲ ಹೊರಗೆ ಕೂತು, ಈ ಕಲ್ಲಮನಿ ಹುಟ್ಟಿದ್ದು ಹೇಗೆ ಎಂದು ಒಂದು ಹೊಸ ಕಥೆ ಹೇಳಬೇಕು. ಹಳೆಯದು ನಡೆಯದು. ಒಳಗಿದ್ದವರು ನಕ್ಕರೆ ಸೋತರು, ‘ಸುಳ್ಳು’ ಅಂದರೂ ಸೋತರು, ಏನೇ ಒಂದು ಮಾತಾಡಿದರೂ ಸೋತರು. ಸೋತವರು ಹೊರಗೆ ಬಂದು, ಮುಖ ತೊಳೆದು, ಉಂಡು, ಹೊರಗಿನವರ ಮಾತಿಗೆ ಹೂಂ ಅನ್ನಬೇಕು. ದೀಪ ಹಚ್ಚುವ ಹೊತ್ತಿನವರೆಗೆ ಬಾಯಿ ಬಿಗಿಹಿಡಿದು ಕೂತರೋ, ಅವರ ಮಾತೇ ಮಾತು. ಭಿಕ್ಕುಗಳ ಕಥೆ ಹುಟ್ಟಿದ್ದು ಮಚ್ಛೇಂದ್ರನ ಅಜ್ಜಿ ಮೂಗುತಿಯ ಸಲುವಾಗಿ ಮುನಿದಾಗ. ಫಕೀರರ ಕಥೆ ಹುಟ್ಟಿದ್ದು ಒಂದು ಹೋತದ ಜಗಳದಲ್ಲಿ. ರಾಕ್ಷಸಿಯ ಕಥೆ ಯಾರು ಯಾರನ್ನು ನೋಡಿ ಕಟ್ಟಿದರು ಎಂಬುದನ್ನು ಬಿಡಿ, ಆ ಅತ್ತೆಯ ಮೊಮ್ಮಕ್ಕಳು ಇನ್ನೂ ಊರಲ್ಲೇ ಇದ್ದಾರೆ.

ಈವತ್ತಿನ ಜಗಳ ಇಷ್ಟೇ. ಬೀದರದ ಚಿದ್ರಿಯಲ್ಲಿರುವ ಶಾಲುಬಾಯಿ, ಅಂಜನಾಬಾಯಿಯ ಬಾಲ್ಯದ ಗೆಳತಿ, ಹೆಂಗಸರದೊಂದು ಬಸ್ಸು ಹೊರಡಿಸಿದ್ದಳು. ಮರುದಿನ ನಸುಕಿನಲ್ಲಿ ನೌಬಾದದಿಂದ ಹೊರಟು, ಭಾಲ್ಕಿಯಲ್ಲಿ ಇನ್ನಷ್ಟು ಜನರನ್ನು ಹತ್ತಿಸಿಕೊಂಡು, ಸೀದಾ ಅಜಂತಾ. ಅಂಜನಾಬಾಯಿ ರೊಟ್ಟಿ ಬಡಿಸುತ್ತಾ ಗಂಡನಿಗೆ ಸುದ್ದಿ ಹೇಳಿದ್ದಳು.

“ಅಲ್ಲೇನದ?” ಎಂದ ಮಚ್ಛೇಂದ್ರ.

“ಗುಹಿ ಅದಾವಂತ್ರಿ.”

“ಹಿತ್ತಲಾಗ ಏನದ ಮತ್ತ? ಮನ್ಯಾಗ ಗುಹಿ ಇಟ್ಕೊಂಡು ಊರೂರು ಗುಹಿ ನೋಡ್ಲಾಕ ಹೋಗ್ತಾರೇನ ಯಾರರ?”

“ಭಗವಾನ ಬುದ್ಧರು ಮಲಗಿದ್ದು ಇಡೀ ಗ್ವಾಡಿತುಂಬ ಅದಂತ. ಶಾಲುಬಾಯಿ ನೋಡಿ ಬಂದಾಳ, ಕಣ್ಣಾಗ ನೀರು ಬಂತಂತ.”

“ಶಾಲುಬಾಯಿಗಿ ಉಳ್ಳಾಗಡ್ಡಿ ನೋಡಿದ್ರೂ ನೀರು ಬರ್ತದ. ನಾ ನೋಡೇನಿ ಅಜಂತಾ. ಔರಂಗಾಬಾದ ರೂಟಿನ ಮ್ಯಾಲಿದ್ದಾಗ ಬಸ್ಸಿನ ಖಿಡಕಿಯಿಂದ ನೋಡೇನಿ. ಇಂಥಾವೇ, ಏನೂ ಫರಕಿಲ್ಲ.”

“ನೀವು ನೋಡೀರಿ. ನಾ ನೋಡಿಲ್ಲ.”

ಅಷ್ಟಕ್ಕೇ ಮನುಷ್ಯ ಎದ್ದು ಹೋದ.

ಅಂಜನಾಬಾಯಿ ಹಿತ್ತಲಿಗೆ ಬಂದಳು. ಒಳಗೆ ಕಟ್ಟೆಯ ಮೇಲೆ ಮಚ್ಛೇಂದ್ರ ಕೈಕಟ್ಟಿ ಕೂತಿದ್ದ, ಟಿಕೆಟ್ ತೆಗೆಯದ ಪ್ಯಾಸೆಂಜರನ್ನು ನೋಡುವ ಮುಖ ಮಾಡಿಕೊಂಡು. ಅವಳು ಅವನನ್ನು ನೋಡಿದಳು, ಸೂರ್ಯನನ್ನು ನೋಡಿದಳು. ಚಳಿಗಾಲದ ಸೂರ್ಯ, ಅವನಿಗೂ ಮನೆಗೆ ಹೋಗುವ ಅವಸರ. ಮೊದಲ ಸಲ ಒಂದು ಊರನ್ನು ತನಗಾಗಿ ನೋಡಬೇಕು ಅಂದುಕೊಂಡಿದ್ದಳು. ಇಷ್ಟು ವರ್ಷ ಹೋದದ್ದೆಲ್ಲ ಮದುವೆಗೆ, ಬಾಣಂತನಕ್ಕೆ, ಮಣ್ಣಿಗೆ. ದೀಪ ಹಚ್ಚುವುದರೊಳಗೆ ಈ ಬಾಯಿ ಬಿಚ್ಚದಿದ್ದರೆ ಆ ಬಸ್ಸು ಹೋದಂತೆಯೇ.

ಕಥೆ ಕಟ್ಟುವುದು ಅವಳಿಗೆ ಬಾರದು. ಬರುವವರನ್ನು ಕರೆದಳು.

ಮೊದಲು ಬಂದವನು ಪಕ್ಕದ ಮನೆಯ ಅಬ್ದುಲ ಗಫೂರ. ಕಮಠಾಣದಲ್ಲಿ ಗಾದಿ ಅಂಗಡಿ ಇಟ್ಟವನು, ಗಡ್ಡದಲ್ಲಿ ಸದಾ ಅರಳೆಯ ಎಳೆ. ಮಚ್ಛೇಂದ್ರನೂ ಅವನೂ ಒಂದೇ ಸಾಲಿಯಲ್ಲಿ ಒಂದೇ ಮಾಸ್ತರರ ಕೈಯಲ್ಲಿ ಹೊಡೆತ ತಿಂದವರು. ಹೊಸ್ತಿಲಲ್ಲಿ ತಾನೇ ತಂದ ಸಣ್ಣ ಗಾದಿ ಹಾಸಿಕೊಂಡು ಕೂತ.

“ಕೇಳು ಮಚ್ಛೇಂದ್ರ ಭಾಯಿ. ಒಬ್ಬ ಬಾದಶಾಹ ಇದ್ದ. ಅಂವಗ ಸೊಂಟನೋವು. ಅರಳಿ ಗಾದಿ ಮ್ಯಾಲೆ ಮಲಗಿದ್ರ ನೋವು, ಹುಲ್ಲಿನ ಮ್ಯಾಲೆ ಮಲಗಿದ್ರ ನೋವು. ಹಕೀಮ ಹೇಳ್ದ, ಜಹಾಂಪನಾ, ಕಲ್ಲಿನ ಗಾದಿ ಮಾಡಸ್ರಿ ಅಂತ. ಈ ಗುಡ್ಡಾ ಕೊರಸಿದ. ನೀ ಕೂತೀಯಲ್ಲ, ಅದೇ ಗಾದಿ. ಒಂದು ರಾತ್ರಿ ಮಲಗಿದ. ಮುಂಜಾನಿ ಎದ್ದು ನಮ್ಮ ಮುತ್ಯಾನ ಮುತ್ಯಾನ್ನ ಕರಸಿದ. ಆವತ್ತಿನಿಂದ ನಮ್ಮ ಅಂಗಡಿ ಚಾಲೂ ಅದ. ನಿನಗೂ ಒಂದು ಗಾದಿ ಕಳಸ್ಲೇನು? ಕುಂಡಿ ನೋಯ್ತಿರಬೇಕು.”

ಒಳಗೆ ಮೀಸೆ ಅಲುಗಿತು. ಅಂಜನಾಬಾಯಿ ಉಸಿರು ಬಿಗಿಹಿಡಿದಳು. ಮಚ್ಛೇಂದ್ರ ಗೋಡೆಯ ಕಡೆ ತಿರುಗಿ ದೊಡ್ಡದಾಗಿ ಕೆಮ್ಮಿದ.

“ಇದು ನಗಿ ಅದ ಭಾಬಿ,” ಎಂದ ಗಫೂರ.

“ಕೆಮ್ಮು ಅದ ಗಫೂರ ಭಾಯಿ,” ಎಂದಳು ಅಂಜನಾಬಾಯಿ. ಸುಳ್ಳು ಗೆಲುವು ಅವಳಿಗೆ ಬೇಡವಾಗಿತ್ತು. ಅಂಥ ಗೆಲುವಿನಿಂದ ಹೊರಟರೆ ಗಂಡ ಹಿಂದಿನಿಂದ ಆರು ತಿಂಗಳು ಆಡಿಕೊಳ್ಳುತ್ತಾನೆ ಎಂಬುದೂ ಗೊತ್ತಿತ್ತು.

ಎರಡನೆಯವನು ಬಸವಕಿರಣ, ಬೀಜ ಗೊಬ್ಬರದ ಅಂಗಡಿಯ ಹುಡುಗ. ಸಾಲ ಒಯ್ದಿದ್ದ ಔಷಧ ಹೊಡೆಯುವ ಪಂಪು ವಾಪಸು ಕೊಡಲು ಬಂದವನು ಸಿಕ್ಕಿಬಿದ್ದ. “ಕಾಕು, ನನಗ ಕಥಿ ಬರಂಗಿಲ್ರಿ,” ಅಂದವನು ಒಮ್ಮೆ ಕೂತಮೇಲೆ ಏಳಲೇ ಇಲ್ಲ. ಬರಗಾಲದಲ್ಲಿ ಕಾಳು ಮುಚ್ಚಿಡಲು ಒಬ್ಬ ದೇಸಾಯಿ ಕೊರೆಸಿದ ಹಗೇವು ಇದು ಎಂದು ಶುರುಮಾಡಿ, ಯಾವ ಖೋಲಿಯಲ್ಲಿ ಯಾವ ಕಾಳು, ಹುಳ ಹತ್ತದಂತೆ ಏನು ಹಾಕಿದರು, ಅದಕ್ಕಿಂತ ತನ್ನ ಅಂಗಡಿಯ ಪುಡಿ ಹೇಗೆ ಮೇಲು ಎಂಬಲ್ಲಿಗೆ ಬಂದ. ಒಳಗಿನಿಂದ ಒಂದು ಶಬ್ದ ಕೇಳಿತು. ಮೂವರೂ ಬಗ್ಗಿ ನೋಡಿದರು. ಮಚ್ಛೇಂದ್ರ ಗೊರಕೆ ಹೊಡೆಯುತ್ತಿದ್ದ.

“ಗೊರಕಿ ಮಾತಿನಾಗ ಬರ್ತದೇನ್ರಿ ಕಾಕು?” ಬಸವಕಿರಣ ಆಸೆಯಿಂದ ಕೇಳಿದ.

“ನಿನ್ನ ಕಥಿಗಿ ಅಂವ ಕೊಟ್ಟ ಜವಾಬ ಅದು,” ಎಂದ ಗಫೂರ. “ಆದ್ರ ಲೆಕ್ಕಕ್ಕಿಲ್ಲ.”

ಬಿಸಿಲು ತೊಗರಿಯ ಹೂವಿನ ತುದಿಗೆ ಏರಿತು. ಅಷ್ಟರಲ್ಲಿ ಶಾಲುಬಾಯಿಯ ಫೋನು.

“ಏ ಅಂಜನಾ, ಬರ್ತೀಯೋ ಇಲ್ಲೋ? ನಿನ್ನ ಸೀಟಿಗಿ ಔರಾದದವಳೊಬ್ಬಳು ಕಾಯ್ಲಾಕತ್ತಾಳ. ನಿನ್ನ ತವರೂರಿನಾಕಿನೇ ಅದಾಳ, ಬಿಟ್ಟುಕೊಟ್ರ ಪುಣ್ಯಾ ಬರ್ತದ.”

“ಪುಣ್ಯಾ ಆಮ್ಯಾಗ ನೋಡೂಣು. ದೀಪಾ ಹಚ್ಚೂತನಾ ಸೀಟು ಹಿಡಿಯವ್ವಾ.”

“ಯಾಕ, ಒಳಗ ಕೂತಾರೇನು?”

“ಕೂತಾರ.”

“ನನ್ನ ಗಂಡ ಸಿಟ್ಟು ಬಂದ್ರ ಕಿರಾಣಿ ಅಂಗಡಿತನಾ ಹೋಗ್ತಾನ. ಬರೂವಾಗ ಸಕ್ರಿ ತರ್ತಾನ. ನಿನ್ನ ಗಂಡನ ಸಿಟ್ಟಿಗಿ ಇತಿಹಾಸ ಬೇಕು.” ಫೋನಿಟ್ಟಳು.

ಔರಾದ ಎಂಬ ಮಾತು ಬಂದದ್ದೇ ತಡ, ಅಂಜನಾಬಾಯಿಗೆ ತಾನು ಔರಾದದಿಂದ ಮದುವಣಗಿತ್ತಿಯಾಗಿ ಬಂದ ದಿನ ನೆನಪಾಯಿತು. ಮದುವೆ ಮಾತಾಡುವಾಗ ಗಂಡಿನ ಕಡೆಯವರು ‘ಮುಂದೊಂದು ಮನಿ, ಹಿಂದೊಂದು ಕಲ್ಲಿನ ಮನಿ’ ಎಂದಿದ್ದರು. ಹುಡುಗಿ ಮಹಡಿ ಮನೆ ಅಂದುಕೊಂಡಳು. ಬಂದು ನೋಡಿದರೆ ಗುಡ್ಡದಲ್ಲೊಂದು ಬಿಲ. ಸಿಟ್ಟು ತಡೆಯಲಾರದೆ ಅದೇ ಬಿಲದೊಳಗೆ ಹೋಗಿ ಕೂತು, ತವರಿಗೆ ಕಳಿಸಿರಿ ಅಂದಿದ್ದಳು. ರಿವಾಜು ಅವಳಿಗೆ ಗೊತ್ತಿರಲಿಲ್ಲ. ಅತ್ತೆಗೆ ಮಾತ್ರ ಹಿಡಿಸಲಾರದಷ್ಟು ಸಂತೋಷ. “ನೋಡ್ರಿ, ಸೊಸಿ ಬಂದ ದಿನಾನೇ ನಮ್ಮ ಪದ್ಧತಿ ಕಲತಳು,” ಎಂದು ಊರಿಗೆಲ್ಲ ಹೇಳಿ, ಮಗನನ್ನು ಹೊಸ್ತಿಲಿಗೆ ದೂಡಿದ್ದರು.

ಹರೆಯದ ಮಚ್ಛೇಂದ್ರ ಬೆವರುತ್ತಾ ಒಂದು ಕಥೆ ಹೇಳಿದ. ಅಜಂತಾದ ಗುಹೆ ಕೊರೆಯುವ ಮುಂಚೆ ಆ ಕೆಲಸಗಾರರು ಕೈ ಪಳಗಿಸಿಕೊಂಡದ್ದು ಇಲ್ಲಿಯೇ ಅಂತೆ. ಇಲ್ಲಿನ ಕಲ್ಲು ಮೆತ್ತಗೆ, ತಪ್ಪಿದರೂ ನಡೆಯುತ್ತದೆ. ಅವರಲ್ಲಿ ತಾಳಗಿಡದಷ್ಟು ಉದ್ದದವನೊಬ್ಬ ಇದ್ದ. ಬಾಗಿಲು ಕೊರೆಯುವ ಕೆಲಸ ಅವನಿಗೆ ಬಂತು. ಕೂತುಕೊಂಡೇ ಕೊರೆದ, ಕೂತ ಅಳತೆಗೇ ಬಾಗಿಲು ಬಂತು. ಮುಗಿದ ಮೇಲೆ ಗುರುವಿಗೆ ತೋರಿಸಬೇಕೆಂದು ಠೀವಿಯಿಂದ ಎದ್ದು ನಿಂತ. ‘ಹಿಂಗ ಎದ್ದ’ ಎಂದು ತೋರಿಸಲು ಮಚ್ಛೇಂದ್ರ ತಾನೂ ಎದ್ದ, ಹಣೆ ಕಲ್ಲಿಗೆ ಬಡಿಯಿತು. ಒಳಗಿದ್ದ ಹುಡುಗಿ ನಕ್ಕಳು. ತವರಿಗೆ ಹೋಗುವುದು ಅಲ್ಲಿಗೆ ಮುಗಿಯಿತು.

ಅವನು ಬದುಕಿನಲ್ಲಿ ಕಟ್ಟಿದ್ದು ಅದೊಂದೇ ಕಥೆ. ಅದರಿಂದಲೇ ಹೆಂಡತಿಯನ್ನು ಗೆದ್ದವನು. ಈಗ ಹೆಂಡತಿ ಹೋಗಿ ಖರೆ ಅಜಂತಾ ನೋಡಿಬಿಟ್ಟರೆ? ಅಂಜನಾಬಾಯಿಗೆ ಹಿತ್ತಲಲ್ಲಿ ನಿಂತಲ್ಲೇ ಎಲ್ಲ ಹೊಳೆಯಿತು. ಈ ಉದ್ದನೆಯ ಮನುಷ್ಯ ಸಿಟ್ಟು ಮಾಡಿಲ್ಲ, ಹೆದರಿದ್ದಾನೆ. ಮೊದಲು ಅಯ್ಯೋ ಅನ್ನಿಸಿತು. ಆಮೇಲೆ, ಹೆದರಲಿ, ಆದರೆ ಬಸ್ಸು ಬಿಡುವುದಿಲ್ಲ ಅನ್ನಿಸಿತು.

“ಸರೀರಿ ಗಫೂರ ಭಾಯಿ. ನಾ ಹೇಳ್ತೇನಿ.”

ಗಫೂರ ಗಾದಿ ಬಿಟ್ಟುಕೊಟ್ಟ. ಅವಳು ಸೆರಗು ಬಿಗಿದು ಕೂತಳು. ಗೊರಕೆ ನಿಂತಿತು. ಒಳಗೆ ಒಂದು ಕಣ್ಣು ತೆರೆಯಿತು.

“ಅಜಂತಾದ ಕೆಲಸಗಾರರು ಇಲ್ಲಿ ಮೊದಲ ಕೈ ಪಳಗಿಸಿಕೊಂಡ್ರು,” ಎಂದು ಶುರುಮಾಡಿದಳು.

ಮಚ್ಛೇಂದ್ರ ಎರಡೂ ಕಣ್ಣು ಬಿಟ್ಟ. ಹಳೆಯ ಕಥೆ ನಡೆಯದು ಎನ್ನುವಂತೆ ಗಫೂರನ ಕಡೆ ಬೆರಳು ಅಲ್ಲಾಡಿಸಿದ. ಮಾತಾಡುವ ಹಾಗಿಲ್ಲವಲ್ಲ.

“ಅವರಾಗ ಒಬ್ಬ ಕುಳ್ಳ ಇದ್ದ,” ಎಂದಳು ಅಂಜನಾಬಾಯಿ.

ಬೆರಳು ಅಲ್ಲೇ ನಿಂತಿತು.

“ಭಾಳ ಕುಳ್ಳ. ನಮ್ಮ ಬಸವಕಿರಣನ ಎದಿತನಾ ಬರ್ತಿದ್ದ. ಗುರು ಅಂವಗ ಬಾಗಿಲಾ ಕೊರಿ ಅಂದ. ಅಂವ ತನ್ನ ಅಳತಿಗಿ ಕೊರದ. ಶಾಣ್ಯಾ ಮನುಷ್ಯ. ಒಳಗ ಹೋದ, ಹೊರಗ ಬಂದ. ಎಲ್ಲೂ ಏನೂ ತಾಗಲಿಲ್ಲ.”

ಕಟ್ಟೆಯ ಮೇಲೆ ಮಚ್ಛೇಂದ್ರ ಮಗ್ಗುಲು ಬದಲಿಸಿದ. ತಂಬಿಗೆ ಎತ್ತಿ ನೀರು ಕುಡಿದ, ಅರ್ಧ ಅಂಗಿಯ ಮೇಲೆ ಹೋಯಿತು.

“ಗುರು ಬಂದು ನೋಡ್ದ. ಬರೋಬ್ಬರಿ ಅದ ಅಂದ. ಕುಳ್ಳ ಮನಿಗಿ ಹೋಗಿ ಉಂಡು ಮಲಗಿದ. ಯಾರ ಹಣಿಗೂ ಬಡೀಲಿಲ್ಲ, ಯಾರೂ ನಗಲಿಲ್ಲ.”

“ಆಮ್ಯಾಗ?” ಎಂದ ಬಸವಕಿರಣ.

“ಆಮ್ಯಾಗೇನು? ಮುಗೀತು. ಕುಳ್ಳ ಇದ್ದ, ಬಾಗಿಲಾ ಗಿಡ್ಡ ಆತು.”

“ಕುಳ್ಳ ಅಲ್ಲ ಅಂವ!”

ಕಲ್ಲಮನಿಯ ಮೂರೂ ಖೋಲಿ ಗುಂಯ್ ಅಂದವು. ಮಚ್ಛೇಂದ್ರ ಎದ್ದು ನಿಂತಿದ್ದ. “ತಾಳಗಿಡದಂಥಾಂವ ಇದ್ದ. ಕೂತು ಕೊರದಾನ, ಅದಕ್ಕ ಗಿಡ್ಡ ಆಗ್ಯದ. ಕುಳ್ಳ ಕೊರದ್ರ ಅದರಾಗ ಕಥಿ ಏನ ಉಳೀತು? ಅಕಲ್ ಅದ ಏನ ನಿನಗ? ಹಣಿ ಬಡೀಬೇಕು, ಆಗ ಹುಡುಗಿ...” ಅಲ್ಲಿಗೆ ನಿಲ್ಲಿಸಿದ. ಹೊಸ್ತಿಲಿನಲ್ಲಿ ಮೂರು ಮುಖ ಅವನನ್ನೇ ನೋಡುತ್ತಿದ್ದವು. ದೀಪ ಹಚ್ಚಲು ಇನ್ನೂ ಹೊತ್ತಿತ್ತು.

“ಹುಡುಗಿ ಏನು ಮಾಡಬೇಕ್ರಿ?” ಎಂದಳು ಅಂಜನಾಬಾಯಿ.

“ಇದು ಹಳಿ ಕಥಿ,” ಎಂದ ಮಚ್ಛೇಂದ್ರ, ದನಿ ಇಳಿಸಿ. “ನಡಿಯಂಗಿಲ್ಲ. ಗಫೂರ, ನೀನೇ ಹೇಳು.”

ಗಫೂರ ಗಡ್ಡದ ಅರಳೆ ಕಿತ್ತು ನೋಡಿ, ನ್ಯಾಯಾಧೀಶನ ಹಾಗೆ ಬಿಸಾಡಿದ. “ಹಳಿ ಕಥ್ಯಾಗ ಉದ್ದನಾಂವ, ಇದರಾಗ ಕುಳ್ಳ. ಆ ಕಥಿನೇ ಬ್ಯಾರೆ, ಇದೇ ಬ್ಯಾರೆ ಅಂತ ಈಗ ಒದರಿದಾಂವ ಯಾರು? ನೀನೇ. ಹೊಸಾದಾತು. ಹೊರಗ ಬಾ ಭಾಯಿ. ಮುಖಾ ತೊಳಿ.”

ಮಚ್ಛೇಂದ್ರ ಬಂದ. ಬರುವಾಗ ಠಪ್ ಎಂದಿತು. ಯಾರೂ ನಗಲಿಲ್ಲ, ಆದರೆ ಬಸವಕಿರಣ ಪಂಪನ್ನು ಅಲ್ಲೇ ಬಿಟ್ಟು ಓಡಿಹೋಗಿ ಬೇಲಿಯ ಆಚೆ ನಿಂತ.

ಆರಿದ ರೊಟ್ಟಿ ಉಂಡು, ಮಚ್ಛೇಂದ್ರ ಹೆಂಡತಿಯ ಚೀಲದೊಳಗೆ ತನ್ನ ಡ್ಯೂಟಿಯ ಕಾಲದ ಬ್ಯಾಟರಿ ಇಟ್ಟ. “ಒಳಗ ಕತ್ತಲಿರ್ತದ,” ಎಂದ.

“ಖಿಡಕಿಯಿಂದ ನೋಡಿದಾಗ ಒಳಗಿನ ಕತ್ತಲೂ ಕಂಡಿತ್ತೇನ್ರಿ?”

ಅವನು ಮತ್ತೊಮ್ಮೆ ಕಲ್ಲಮನಿಯ ಕಡೆ ನೋಡಿದ. ಒಂದೇ ದಿನಕ್ಕೆ ಎರಡು ಸಲ ಹೋಗುವ ರಿವಾಜು ಇರಲಿಲ್ಲ. ನಸುಕಿನಲ್ಲಿ ತಾನೇ ಗಾಡಿಯ ಮೇಲೆ ನೌಬಾದಕ್ಕೆ ಕರೆದೊಯ್ದು, ಬಸ್ಸಿನ ಡ್ರೈವರನಿಗೆ ಘಾಟಿನಲ್ಲಿ ಸಾವಕಾಶ ಹೋಗಲು ಹೇಳಿ, ಖಿಡಕಿಯ ಕಡೆಯ ಸೀಟು ಕೊಡಿಸಿ ಬಂದ.

ಅಜಂತಾದಲ್ಲಿ ಅಂಜನಾಬಾಯಿ ಗುಹೆಯಿಂದ ಗುಹೆಗೆ ನಡೆದಳು, ಒಳಹೊಕ್ಕಾಗೆಲ್ಲ ರೂಢಿಯಂತೆ ತಲೆ ಬಾಗಿಸುತ್ತಾ. ಅಲ್ಲಿನ ಬಾಗಿಲುಗಳಲ್ಲಿ ಬಾಗುವ ಕಾರಣವೇ ಇರಲಿಲ್ಲ. ಎಂಥ ಉದ್ದನೆಯವನಾದರೂ ತಲೆಯ ಮೇಲೆ ಇನ್ನೊಬ್ಬನನ್ನು ಕೂಡಿಸಿಕೊಂಡು ಹೋಗಬಹುದು. ಮಲಗಿದ ಬುದ್ಧನ ಮುಂದೆ ನಿಂತಾಗ ಶಾಲುಬಾಯಿ ಹೇಳಿದ್ದು ಖರೆ ಎಂದು ಗೊತ್ತಾಯಿತು. ಕೈಮುಗಿದು ಬಹಳ ಹೊತ್ತು ನಿಂತಳು. ಕಲ್ಲು ಅಷ್ಟು ಸಮಾಧಾನವಾಗಿ ಮಲಗಬಲ್ಲದು ಎಂದು ಯಾವ ಕಥೆಯೂ ಅವಳಿಗೆ ಹೇಳಿರಲಿಲ್ಲ. ನಮ್ಮ ಕಲ್ಲಮನಿಯನ್ನು ಇದರ ಒಂದು ಮೂಲೆಯಲ್ಲಿ ಇಟ್ಟರೆ ಹುಡುಕಬೇಕಾದೀತು ಎಂದೂ ಅನ್ನಿಸಿತು.

ಹೊರಗೆ ದಾರಿಯ ಕಟ್ಟೆಗೆ ಒರಗಿದಳು. ಸುತ್ತ ಕುದುರೆಲಾಳದ ಹಾಗೆ ಬಾಗಿದ ಗುಡ್ಡ, ಕೆಳಗೆ ಹೊಳೆ. ಹತ್ತಿರದಲ್ಲೆಲ್ಲೂ ಬಸ್ಸು ಓಡುವ ದೊಡ್ಡ ರಸ್ತೆ ಕಾಣಲಿಲ್ಲ. ಫೋನ್ ಮಾಡಿದಳು. ಒಂದೇ ರಿಂಗಿಗೆ ಎತ್ತಿದ.

“ಮುಟ್ಟಿದಿ?”

“ಮುಟ್ಟೇನ್ರಿ. ನೋಡೂದೂ ಆತು.”

ಆ ಕಡೆ ಗಂಟಲು ಸರಿಮಾಡಿಕೊಂಡ ಸಪ್ಪಳ. “ಹ್ಯಾಂಗ ಅದ?”

ಅಂಜನಾಬಾಯಿ ಗುಡ್ಡದ ತಿರುವನ್ನು ಮತ್ತೊಮ್ಮೆ ನೋಡಿದಳು. “ಇದು ಯಾ ಬಸ್ಸಿನ ಖಿಡಕಿಯಿಂದಾನೂ ಕಾಣಂಗಿಲ್ಲ ಬಿಡ್ರಿ. ಭಾಳ ಒಳಗದ.”

ಆ ಕಡೆ ತಂಬಿಗೆ ಕೆಳಗಿಟ್ಟ ಸಪ್ಪಳ.

“ಮತ್ತ ಬಾಗಿಲಾ ಎಲ್ಲಾ ಎತ್ತರ ಅದಾವ್ರಿ,” ಎಂದಳು. “ಒಂದೂ ತಪ್ಪಿಲ್ಲ. ಆ ಉದ್ದನಾಂವ ನಮ್ಮಲ್ಲಿ ಹಣಿ ಬಡಿಸ್ಕೊಂಡು ಚಲೋ ಕಲತು ಬಂದಾನ.”

ಹೆಂಡತಿ ಆಡಿಕೊಳ್ಳುತ್ತಿದ್ದಾಳೋ, ಕಾಪಾಡುತ್ತಿದ್ದಾಳೋ? ಇಷ್ಟು ವರ್ಷ ಸಂಸಾರ ಮಾಡಿದರೂ ಮಚ್ಛೇಂದ್ರನಿಗೆ ಅದರ ಫರಕು ಗೊತ್ತಾಗುತ್ತಿರಲಿಲ್ಲ.

“ಸುಳ್ಳು,” ಎಂದ ಕೊನೆಗೆ, ಮೆತ್ತಗೆ.

“ಎಲ್ಲಿ ಕೂತೀರಿ ಈಗ?”

“ಎಲ್ಲಿ ಅಂದ್ರ? ಮನ್ಯಾಗ.”

“ದನಿ ಗುಂಯ್ ಅನ್ಲಾಕತ್ತದ.”

“ಬಾಗಿಲಾ ಹಂತ್ಯಾಕ ಕೂತೇನಿ. ಒಳಗ ನೆಟವರ್ಕ ಬರಂಗಿಲ್ಲ.”

“ಒಬ್ಬರೇ ಕೂತು ಯಾರ ಮ್ಯಾಲಿ ಸಿಟ್ರಿ?”

“ಸಿಟ್ಟೇನಿಲ್ಲ. ಸುಮ್ಮ ಕೂತೇನಿ. ಮನ್ಯಾಗ ಬ್ಯಾಸರ ಬಂತು.”

“ಕಥಿ ನಾ ಹೇಳ್ದೆ, ಸುಳ್ಳು ಅಂತ ನೀವಂದ್ರಿ. ಸೋತ್ರಿ. ಹೊರಗ ಬರ್ರಿ, ಮುಖಾ ತೊಳೀರಿ, ಉಣ್ರಿ. ಗಫೂರ ಭಾಯಿ ಮನಿಂದ ಸಾರು ಬಂದಿರಬೇಕು.”

“ಬರ್ತೇನಿ,” ಎಂದ ಮಚ್ಛೇಂದ್ರ. ಎದ್ದ.

ಫೋನಿನಲ್ಲಿ ಠಪ್ ಎಂದಿತು.

ಅಜಂತಾದ ದಾರಿಯಲ್ಲಿ ಹೋಗುತ್ತಿದ್ದ ಜನರೆಲ್ಲ ತಿರುಗಿ ನೋಡುವ ಹಾಗೆ ಅಂಜನಾಬಾಯಿ ನಕ್ಕಳು.